ನಮ್ಮ ಉಪಕರಣ, ಪರರ ನಿಲ್ದಾಣ

೨೦೧೯ನೆಯ ಇಸವಿ ಜೂನ್ ೧೨ನೆಯ ತಾರೀಖಿನ ದಿವಸ ವಿಯೆನ್ನಾ ನಗರದಲ್ಲಿ ಸಂಯುಕ್ತ ರಾಷ್ಟ್ರಸಂಘದ ಬಾಹ್ಯಾಕಾಶ ವ್ಯವಹಾರಗಳ ಕಚೇರಿಯವರೂ ಚೀನಾ ದೇಶದ ಬಾಹ್ಯಾಕಾಶಯಾನ ಸಂಸ್ಥೆಯವರೂ ಕೂಡಿ ಒಂದು ಪಟ್ಟಿಯನ್ನು ಪ್ರಕಟಿಸಿದರು. ಚೀನೀಯರು ಭೂಮಿಯ ಸುತ್ತ ಕಟ್ಟಲಿದ್ದ ನಿಲ್ದಾಣದಲ್ಲಿ ಅನ್ಯದೇಶೀಯರ ಪ್ರಯೋಗಗಳಿಗೂ ಎಡೆಗೊಡುವುದೆಂದು ನಿಶ್ಚಯವಾಗಿ, ಅದಕ್ಕಾಗಿ ಬಂದ ೪೨ ಅರ್ಜಿಗಳಲ್ಲಿ ೯ನ್ನು ಆರಿಸಿದ್ದರು. ಆ ಒಂಬತ್ತರಲ್ಲಿ ಒಂದು ನಮ್ಮದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಷ್ಯಾದ ವಿಜ್ಞಾನ ಅಕಾಡೆಮಿಯ ಖಗೋಳ ಸಂಸ್ಥೆಯೊಡನೆ ಸೇರಿ ಯೋಜಿಸಿದ ‘ಸಿಂಗ್’ ಎಂಬ ರೋಹಿತದರ್ಶಕ ಅದು. ನೀಹಾರಿಕೆಗಳ ಅನಿಲವನ್ನೂ ಸಿಡಿದ ನಕ್ಷತ್ರಗಳ ಅವಶೇಷಗಳನ್ನೂ ಅತಿನೇರಳೆ ಬೆಳಕಿನಲ್ಲಿ ಪರೀಕ್ಷಿಸುವುದು ಅದರ ಉದ್ದೇಶ.

ಇದಾಗಿ ವರುಷ ತುಂಬಿ ಮೂರು ದಿನ ಕಳೆಯುವಷ್ಟರಲ್ಲಿ, ಎಂದರೆ ೨೦೨೦ನೆಯ ಜೂನ್ ೧೫ರ ರಾತ್ರಿ, ಗಲ್ವಾನ್ ಕಣಿವೆಯಲ್ಲಿ ನಮ್ಮ ೨೦ ಮಂದಿ ಯೋಧರು ಚೀನೀ ಸೈನ್ಯದೊಡನೆ ಹೋರಾಡಿ ಮಡಿದರು. ಚೀನೀಯರ ನಿಲ್ದಾಣವಾದರೋ ೨೦೨೧ರ ಏಪ್ರಿಲ್ ತಿಂಗಳಲ್ಲಿ ಮೊದಲ ಭಾಗವನ್ನು ಮೇಲೇರಿಸಿಕೊಂಡು ೨೦೨೨ರ ಅಂತ್ಯಕ್ಕೆ ಪೂರ್ಣವಾಯಿತು. ನಮ್ಮ ದೇಶದವರು ಕಟ್ಟಿದ ಉಪಕರಣವು ಆ ನಿಲ್ದಾಣಕ್ಕೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ಹೀಗೆ ಹುಟ್ಟಿಕೊಂಡಿತು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದಿದ್ದೇವೆ. ಆದರೆ ಅಭಿಪ್ರಾಯಕ್ಕೆ ಮುನ್ನ ವಸ್ತುವಿನ ಪರಿಚಯ ಅವಶ್ಯ. ಸತ್ತ ನಕ್ಷತ್ರದ ಹೊಗೆಯನ್ನು ನೋಡಿ ಆಗುವುದೇನು ಎಂದು ಕೇಳುವ ಮಹನೀಯರು ನಮ್ಮ ಕಚೇರಿಗಳಲ್ಲಿ ವಿರಳರಲ್ಲ. ಅವರು ಕಡತದ ಮೇಲೆ ರುಜು ಹಾಕುವ ಸ್ಥಾನದಲ್ಲಿಯೂ ಇರುತ್ತಾರೆ.

ರಾಜಹಂಸವೆಂಬ ನಕ್ಷತ್ರಪುಂಜದಲ್ಲಿ, ಬರಿಗಣ್ಣಿಗೆ ಕಾಣದ ನವಿರಾದ ಎಳೆಗಳ ಒಂದು ದೊಡ್ಡ ಬಳೆಯಿದೆ. ವಿಲಿಯಂ ಹರ್ಷೆಲ್ ಪಂಡಿತನು ೧೭೮೪ರಲ್ಲಿ ಅದರ ಕೆಲವು ತುಣುಕುಗಳನ್ನು ಮೊದಲು ಕಂಡನು. ಸುಮಾರು ೨೪೦೦ ಜ್ಯೋತಿರ್ವರ್ಷ ದೂರದಲ್ಲಿರುವ ಈ ಬಳೆಯು ಆಕಾಶದಲ್ಲಿ ಸುಮಾರು ಮೂರು ಅಂಶಗಳಷ್ಟು ಅಗಲವಾಗಿ ಹರಡಿದೆ. ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ನಿಲ್ಲಿಸಿದರೆ ಆರು ಹಿಡಿಸುತ್ತವೆ. ಸುಮಾರು ಇಪ್ಪತ್ತು ಸಾವಿರ ವರುಷಗಳ ಹಿಂದೆ ಅಲ್ಲಿ ಒಂದು ನಕ್ಷತ್ರ ಸಿಡಿಯಿತು. ಪಾಶ್ಚಾತ್ಯ ಪಂಡಿತರು ಸೂಪರ್‌ನೋವಾ ಎಂದು ಕರೆಯುವುದು ಈ ಬಗೆಯ ಸಿಡಿತವನ್ನೇ. ಸಿಡಿದ ದ್ರವ್ಯ ಇನ್ನೂ ನುಗ್ಗುತ್ತಲೇ ಇದೆ. ಅದರ ಮುಂದೆ ಸೆಕೆಂಡಿಗೆ ನೂರರಿಂದ ನಾಲ್ಕುನೂರು ಕಿಲೋಮೀಟರ್ ವೇಗದಲ್ಲಿ ಒಂದು ಆಘಾತ ತರಂಗ ಓಡುತ್ತಿದೆ.

ಆಘಾತ ತರಂಗವೆಂದರೇನು? ಹೊಳೆಯಲ್ಲಿ ನೆರೆ ಏರುವಾಗ ಊರಿಗೆ ಮೊದಲು ಬರುವವನು ಡಂಗುರದವನು. ಅವನ ಸದ್ದು ಕೇಳಿ ಜನರು ಗಂಟುಮೂಟೆ ಕಟ್ಟಿಕೊಂಡು ದಿಬ್ಬವೇರುತ್ತಾರೆ. ಅನಿಲಕ್ಕೂ ಹಾಗೆಯೇ, ಹಿಂದಿನಿಂದ ಬರುವ ತಳ್ಳುವಿಕೆಯ ಸುದ್ದಿಯನ್ನು ಮುಂದಿನ ಅನಿಲಕ್ಕೆ ತಿಳಿಸುವ ಡಂಗುರವೇ ಶಬ್ದ ತರಂಗ. ನೆರೆಯು ಡಂಗುರದವನಿಗಿಂತ ಬೇಗ ಓಡಿದರೆ ಊರು ನಿದ್ರೆಯಲ್ಲಿಯೇ ಸಿಕ್ಕಿಬೀಳುವುದು. ಶಬ್ದಕ್ಕಿಂತ ಬೇಗ ಬಂದ ತಳ್ಳುವಿಕೆಯ ಬಾಯಿಗೆ ಬಿದ್ದ ಅನಿಲವು ಒಂದೇ ಏಟಿಗೆ ನಾಲ್ಕು ಮಡಿ ಒತ್ತಿಕೊಂಡು ಭಯಂಕರವಾಗಿ ಕಾಯುತ್ತದೆ. ತರಂಗದ ವೇಗ ಸೆಕೆಂಡಿಗೆ ೧೦೦ ಕಿಲೋಮೀಟರಾದರೆ ಅದರ ಹಿಂದಿನ ಉಷ್ಣತೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಅಂಶ. ವೇಗ ಎರಡರಷ್ಟಾದರೆ ಉಷ್ಣತೆ ನಾಲ್ಕರಷ್ಟು. ೪೦೦ ಕಿಲೋಮೀಟರಿಗೆ ಇಪ್ಪತ್ತು ಲಕ್ಷವನ್ನು ಮೀರುತ್ತದೆ.

ಇಷ್ಟು ಕಾದ ಅನಿಲದಲ್ಲಿ ಪರಮಾಣುಗಳು ಇಡಿಯಾಗಿ ಉಳಿಯಲಾರವು. ಇಲೆಕ್ಟ್ರಾನುಗಳು ಬಡಿದು ಬಡಿದು, ಇಂಗಾಲವು ತನ್ನ ಮೂರು ಇಲೆಕ್ಟ್ರಾನುಗಳನ್ನೂ, ಸಾರಜನಕವು ನಾಲ್ಕನ್ನೂ, ಆಮ್ಲಜನಕವು ಐದನ್ನೂ ಕಳೆದುಕೊಳ್ಳುತ್ತವೆ. ಹೀಗೆ ಬೋಳಾದ ಪರಮಾಣುಗಳು ಹೊರಚೆಲ್ಲುವ ಬೆಳಕಿನ ಮುಖ್ಯ ಗೆರೆಗಳು ನಮ್ಮ ಕಣ್ಣಿಗೆ ಕಾಣುವಂಥವಲ್ಲ. ಇಂಗಾಲದ ಜೋಡಿಗೆರೆ ೧೫೪೮ ಮತ್ತು ೧೫೫೧ ಆಂಗ್‌ಸ್ಟ್ರಾಮಿನಲ್ಲಿ, ಸಾರಜನಕದ್ದು ೧೨೪೦ರ ಆಸುಪಾಸಿನಲ್ಲಿ, ಆಮ್ಲಜನಕದ್ದು ೧೦೩೨ ಮತ್ತು ೧೦೩೮ರಲ್ಲಿ. ಕಣ್ಣಿಗೆ ಕಾಣುವ ನೇರಳೆಯ ಅಂಚು ಸುಮಾರು ೪೦೦೦ ಎಂಬುದನ್ನು ನೆನೆದರೆ ಇವು ಎಷ್ಟು ಆಚೆಗಿರುವುವೆಂದು ಗೊತ್ತಾಗುವುದು. ಭೂಮಿಯ ಮೇಲಿನ ದೂರದರ್ಶಕಗಳಿಗೆ ಕಾಣುವುದು ಅನಿಲವು ಬಹುಮಟ್ಟಿಗೆ ತಣಿದ ಮೇಲಿನ ಬೆಳಕು. ಒಲೆ ಆರಿದ ಮೇಲೆ ಕೆಂಡವನ್ನು ನೋಡಿದ ಹಾಗೆ. ಉರಿಯುತ್ತಿರುವಾಗಿನ ಲೆಕ್ಕ ಅತಿನೇರಳೆಯಲ್ಲಿದೆ. ಸೆಕೆಂಡಿಗೆ ಸುಮಾರು ೧೬೦ ಕಿಲೋಮೀಟರಿಗಿಂತ ಮೆಲ್ಲನೆ ಓಡುವ ಆಘಾತದಲ್ಲಿ ಐದು ಇಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕ ಹುಟ್ಟುವುದು ವಿರಳ. ಆದ್ದರಿಂದ ಆ ಗೆರೆ ಕಂಡಲ್ಲಿ ತರಂಗದ ವೇಗಕ್ಕೆ ಒಂದು ಕೆಳಮಿತಿ ಸಿಕ್ಕಿತೆಂದೇ ಅರ್ಥ. ಗೆರೆಗಳ ಪರಸ್ಪರ ಪ್ರಮಾಣವನ್ನು ಅಳೆದು ವೇಗವನ್ನೂ ಸಾಂದ್ರತೆಯನ್ನೂ ಯಾವ ಧಾತು ಎಷ್ಟಿದೆಯೆಂಬುದನ್ನೂ ಲೆಕ್ಕಹಾಕುತ್ತಾರೆ.

ಆದರೆ ೩೦೦೦ ಆಂಗ್‌ಸ್ಟ್ರಾಮಿಗಿಂತ ಕೆಳಗಿನ ಬೆಳಕನ್ನು ನಮ್ಮ ವಾಯುಮಂಡಲದ ಓಝೋನ್ ಪದರವು ತಡೆಯುತ್ತದೆ. ಜೀವಕೋಟಿಗೆ ಅದು ಉಪಕಾರ; ಖಗೋಳಜ್ಞನಿಗೆ ತಡೆಗೋಡೆ. ಕಾವಲೂರಿನ ದೊಡ್ಡ ದೂರದರ್ಶಕಕ್ಕಾಗಲಿ, ಲಡಾಖಿನ ಹಾನ್ಲೆಯಲ್ಲಿ ಸುಮಾರು ೪೫೦೦ ಮೀಟರ್ ಎತ್ತರದಲ್ಲಿದ್ದು ನಮ್ಮ ಹೊಸಕೋಟೆಯಿಂದ ನಡೆಸಲ್ಪಡುವ ದೂರದರ್ಶಕಕ್ಕಾಗಲಿ ಈ ಗೋಡೆ ದಾಟುವಂಥದಲ್ಲ. ಗೋಡೆಯ ಮೇಲಕ್ಕೇ ಏರಬೇಕು.

ಈ ಮಾತನ್ನು ಮೊದಲು ಆಡಿದವರ ಸಾಲಿನಲ್ಲಿ ಒಬ್ಬ ಭಾರತೀಯರಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಕ್ಷತ್ರಗಳ ರೋಹಿತವನ್ನು ಓದುವ ಕೀಲಿಕೈಯಾದ ಅಯಾನೀಕರಣದ ಸಮೀಕರಣವನ್ನು ೧೯೨೦ರಲ್ಲಿ ಲೋಕಕ್ಕೆ ಕೊಟ್ಟ ಮೇಘನಾದ ಸಾಹಾ ಅವರೇ ೧೯೩೭ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದು, ಓಝೋನ್ ಪದರದ ಮೇಲಕ್ಕೆ ಉಪಕರಣವನ್ನೇರಿಸಿ ಸೂರ್ಯನ ಅತಿನೇರಳೆ ಬೆಳಕನ್ನು ಹಿಡಿಯಬೇಕೆಂದು ಸೂಚಿಸಿದರು. ಅಮೆರಿಕದ ಲೈಮನ್ ಸ್ಪಿಟ್ಸರ್ ಅವರು ಆಕಾಶದಲ್ಲಿ ದೂರದರ್ಶಕವಿಡುವ ವಿಚಾರವಾಗಿ ತಮ್ಮ ಪ್ರಸಿದ್ಧ ವರದಿಯನ್ನು ಬರೆದದ್ದು ೧೯೪೬ರಲ್ಲಿ. ಸಾಹಾ ಅವರ ಲೇಖನಕ್ಕೆ ಒಂಬತ್ತು ವರುಷಗಳ ತರುವಾಯ. ಅದೇ ೧೯೪೬ರ ಅಕ್ಟೋಬರ್ ತಿಂಗಳಲ್ಲಿ, ಜರ್ಮನರಿಂದ ವಶಪಡಿಸಿಕೊಂಡ ವಿ-೨ ರಾಕೆಟ್ಟಿನ ಬಾಲದ ರೆಕ್ಕೆಯಲ್ಲಿ ಉಪಕರಣವಿಟ್ಟು ಅಮೆರಿಕನರು ಸೂರ್ಯನ ಅತಿನೇರಳೆ ರೋಹಿತವನ್ನು ಪಡೆದರು. ಸೂಚನೆ ನಮ್ಮವರದು, ರಾಕೆಟ್ಟು ಜರ್ಮನರದು, ಫಲ ಅಮೆರಿಕನರದು. ಪರಾಧೀನರಾಗಿದ್ದ ನಮಗೆ ಆಗ ಬೇರೆ ಗತಿಯಿರಲಿಲ್ಲ. (ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆಘಾತಕ್ಕೆ ಸಿಕ್ಕಿದ ತೆಳ್ಳನೆಯ ಅನಿಲದಲ್ಲಿ ಸಾಹಾ ಸಮೀಕರಣ ಸಲ್ಲುವುದಿಲ್ಲ. ಅದು ಸಮತೋಲಕ್ಕೆ ಬಂದ ಅನಿಲಕ್ಕೆ ಹೇಳಿದ್ದು. ಇಲ್ಲಿ ಸಮತೋಲಕ್ಕೆ ಬರಲು ವ್ಯವಧಾನವೇ ಇರುವುದಿಲ್ಲ. ಅಭಿಮಾನದ ಭರದಲ್ಲಿ ಇದನ್ನು ಮರೆಯಬಾರದು.)

ಅಲ್ಲಿಂದೀಚೆಗೆ ಆದ ಕಾರ್ಯ ಸಾಮಾನ್ಯವಾದುದಲ್ಲ. ೧೯೭೮ರಲ್ಲಿ ಮೇಲೇರಿದ ‘ಅಂತರರಾಷ್ಟ್ರೀಯ ಅತಿನೇರಳೆ ಅನ್ವೇಷಕ’ವು ಅಮೆರಿಕ, ಯೂರೋಪು, ಬ್ರಿಟನ್ ಮೂವರೂ ಕೂಡಿ ಮಾಡಿದ್ದು. ಕೇವಲ ೪೫ ಸೆಂಟಿಮೀಟರ್ ದರ್ಪಣದ ಆ ಯಂತ್ರವು ೧೯೯೬ರವರೆಗೆ ದುಡಿಯಿತು. ೧೦೦೬ನೆಯ ಇಸವಿಯಲ್ಲಿ ಚೀನೀಯರೂ ಈಜಿಪ್ಟಿನ ಅಲಿ ಇಬ್ನ್ ರಿದ್ವಾನನೂ ಕಂಡು ಬರೆದಿಟ್ಟ ಮಹಾಜ್ವಾಲೆಯ ಅವಶೇಷದ ಹಿಂದೆ ಒಂದು ನೀಲ ನಕ್ಷತ್ರವಿದೆ. ಅದರ ಬೆಳಕು ಅವಶೇಷವನ್ನು ತೂರಿ ಬರುವಾಗ ಕಬ್ಬಿಣದ ಗುರುತನ್ನು ಹೊತ್ತು ಬರುವುದೆಂದು ಈ ಯಂತ್ರದ ಮೂಲಕ ೧೯೮೩ರಲ್ಲಿ ತಿಳಿದುಬಂತು. ಸಿಡಿದ ನಕ್ಷತ್ರದ ಕಬ್ಬಿಣ ಸಹಸ್ರ ವರುಷಗಳಾದ ಮೇಲೂ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಧಾವಿಸುತ್ತಲೇ ಇತ್ತು.

ಅದೇ ಅವಶೇಷದಲ್ಲಿ ಇನ್ನೊಂದು ವಿಚಿತ್ರ. ೧೯೯೫ರ ಮಾರ್ಚಿಯಲ್ಲಿ ಅಮೆರಿಕನರ ಆಕಾಶನೌಕೆಯಲ್ಲಿ ಹೋದ ಹಾಪ್‌ಕಿನ್ಸ್ ಅತಿನೇರಳೆ ದೂರದರ್ಶಕವು ಅಲ್ಲಿನ ಹೀಲಿಯಂ, ಇಂಗಾಲ, ಸಾರಜನಕ, ಆಮ್ಲಜನಕಗಳ ಗೆರೆಗಳನ್ನು ಅಳೆಯಿತು. ಒಂದೇ ಉಷ್ಣತೆಯಲ್ಲಿರುವ ಅನಿಲವಾದರೆ ಹಗುರವಾದ ಪರಮಾಣು ಚುರುಕಾಗಿಯೂ ಭಾರವಾದುದು ನಿಧಾನವಾಗಿಯೂ ಓಡಬೇಕು. ಆದ್ದರಿಂದ ಆಮ್ಲಜನಕದ ಗೆರೆ ಹೀಲಿಯಂ ಗೆರೆಗಿಂತ ಸಪೂರವಾಗಿರಬೇಕು. ಕಂಡದ್ದೇನು? ಎಲ್ಲ ಗೆರೆಗಳೂ ಹೆಚ್ಚು ಕಡಮೆ ಒಂದೇ ಅಗಲ. ಎಂದರೆ ಅಲ್ಲಿ ಉಷ್ಣತೆಯೆಂಬುದು ಒಂದಲ್ಲ. ಪರಮಾಣು ಭಾರವಾದಷ್ಟೂ ಅದರ ಪಾಲಿನ ಉಷ್ಣತೆ ಹೆಚ್ಚು. ಅನಿಲವು ಎಷ್ಟು ತೆಳುವೆಂದರೆ ಕಣಗಳು ಪರಸ್ಪರ ಡಿಕ್ಕಿ ಹೊಡೆದು ಶಾಖವನ್ನು ಸಮವಾಗಿ ಹಂಚಿಕೊಳ್ಳಲು ಸಾವಿರ ವರುಷ ಸಾಲದೆ ಹೋಗಿದೆ. ಡಿಕ್ಕಿಯಿಲ್ಲದೆಯೇ, ಕಾಂತಕ್ಷೇತ್ರಗಳ ಮೂಲಕ ಆಘಾತವು ಹೇಗೆ ನಡೆಯುತ್ತದೆ, ಶಕ್ತಿಯನ್ನು ಯಾರ ಯಾರಿಗೆ ಎಷ್ಟೆಷ್ಟು ಹಂಚುತ್ತದೆ ಎಂಬುದು ಇಂದಿಗೂ ಪೂರಾ ಬಿಡಿಸದ ಒಗಟು. ಭೂಮಿಯ ಯಾವ ಪ್ರಯೋಗಶಾಲೆಯಲ್ಲಿಯೂ ಇಷ್ಟು ವಿಸ್ತಾರವಾದ ಪ್ರಯೋಗವನ್ನು ಹೂಡಲಾಗದು.

ಧೂಳಿನ ವಿಷಯವನ್ನೂ ಹೇಳಿಬಿಡುತ್ತೇವೆ. ನಕ್ಷತ್ರಗಳ ನಡುವಣ ಬಯಲಿನಲ್ಲಿ ಇಂಗಾಲ, ಸಿಲಿಕಾನ್, ಕಬ್ಬಿಣಗಳ ಬಹುಭಾಗ ಧೂಳಿನ ಕಣಗಳಲ್ಲಿ ಅಡಗಿದೆ. ಮುಂದೆ ಹುಟ್ಟುವ ಗ್ರಹಗಳಿಗೆ ಕಚ್ಚಾಸಾಮಗ್ರಿಯೂ ಅದೇ. ಆಘಾತದ ಹಿಂದಿನ ಕಾದ ಅನಿಲವು ಈ ಕಣಗಳನ್ನು ಸವೆಯಿಸಿ ಪುಡಿಮಾಡುತ್ತದೆ. ಹಾಗೆ ಬಿಡುಗಡೆಯಾದ ಇಂಗಾಲವು ೧೫೫೦ ಆಂಗ್‌ಸ್ಟ್ರಾಮಿನ ಗೆರೆಯಲ್ಲಿ ಬೆಳಗುವುದನ್ನು ಹಬ್ಬಲ್ ದೂರದರ್ಶಕದ ಉಪಕರಣದಿಂದ ರಾಜಹಂಸದ ಬಳೆಯ ಉತ್ತರದಂಚಿನಲ್ಲಿ ಅಳೆದಿದ್ದಾರೆ. ಲೆಕ್ಕದ ಅಂದಾಜಿಗೂ ಅಳತೆಗೂ ಸುಮಾರಾಗಿ ತಾಳೆಯಾಗಿದೆ. ಧೂಳು ಎಷ್ಟು ಬೇಗ ಸವೆಯುತ್ತದೆ, ಎಷ್ಟು ಬೇಗ ಮರಳಿ ಹುಟ್ಟುತ್ತದೆ ಎಂಬ ಈ ಆಯವ್ಯಯ ಪತ್ರಿಕೆಯನ್ನು ಸರಿದೂಗಿಸಲು ಲೋಕದ ಪಂಡಿತರು ಇನ್ನೂ ಶ್ರಮಿಸುತ್ತಿದ್ದಾರೆ.

ಹಾಗಾದರೆ ೨.೪ ಮೀಟರಿನ ಹಬ್ಬಲ್ ಇರುವಾಗ ನಮ್ಮ ೩೦ ಸೆಂಟಿಮೀಟರಿನ ‘ಸಿಂಗ್’ ಏಕೆ? ಈ ಆಕ್ಷೇಪಣೆಯನ್ನು ಕೇಳಿದವರು ಲೆಕ್ಕ ಮಾಡಿ ನೋಡಬೇಕು. ಹಬ್ಬಲಿನ ಮುಖ್ಯ ಅತಿನೇರಳೆ ರೋಹಿತದರ್ಶಕದ ಕಿಂಡಿಯ ಅಗಲ ಎರಡೂವರೆ ವಿಕಲೆ. ರಾಜಹಂಸದ ಬಳೆಯ ಅಗಲ ಮೂರು ಅಂಶ, ಎಂದರೆ ೧೦,೮೦೦ ವಿಕಲೆ. ಒಂದೇ ಒಂದು ಗೆರೆಯಷ್ಟು ದಾರಿಯನ್ನು ಈ ತುದಿಯಿಂದ ಆ ತುದಿಗೆ ಕ್ರಮಿಸಲು ಹಬ್ಬಲನ್ನು ನಾಲ್ಕು ಸಾವಿರಕ್ಕೂ ಹೆಚ್ಚು ಸಲ ತಿರುಗಿಸಬೇಕು. ಲೋಕದ ಖಗೋಳಜ್ಞರೆಲ್ಲ ಸರದಿ ನಿಂತಿರುವ ಯಂತ್ರದಲ್ಲಿ ಅಷ್ಟು ಹೊತ್ತನ್ನು ಕೊಡುವವರಾರು? ‘ಸಿಂಗ್’ ಯಂತ್ರದ ನೋಟ ಒಂದು ಅಂಶದಷ್ಟು ಉದ್ದ. ೧೪೦೦ರಿಂದ ೨೭೦೦ ಆಂಗ್‌ಸ್ಟ್ರಾಮಿನ ಬೆಳಕು ಅದರ ವ್ಯಾಪ್ತಿ. ಸೂಕ್ಷ್ಮ ವಿವರ ಅದಕ್ಕೆ ಕಾಣದು, ಸಾರಜನಕ ಆಮ್ಲಜನಕಗಳ ಮೇಲೆ ಹೇಳಿದ ಗೆರೆಗಳೂ ಅದರ ವ್ಯಾಪ್ತಿಗೆ ಹೊರಗಿನವು. ಆದರೆ ಇಂಗಾಲದ ೧೫೫೦, ಹೀಲಿಯಂನ ೧೬೪೦, ಇಂಗಾಲದ ೧೯೦೯ ಇವೆಲ್ಲ ಒಳಗಿವೆ. ಹಬ್ಬಲ್ ಬೀಗದ ಕಿಂಡಿಯಲ್ಲಿ ಇಣಿಕುತ್ತದೆ. ಇದು ಬಾಗಿಲನ್ನು ತೆರೆದು ಮನೆಯ ಉದ್ದಗಲವನ್ನು ನೋಡತಕ್ಕದ್ದು. ಹಬ್ಬಲಾದರೂ ೧೯೯೦ರಲ್ಲಿ ಮೇಲೇರಿದ ಮುದಿ ಯಂತ್ರ. ೨೦೨೪ರ ಜೂನ್ ತಿಂಗಳಿಂದ ಒಂದೇ ಗೈರೋಸ್ಕೋಪಿನ ಆಧಾರದಿಂದ ಕೆಲಸ ಮಾಡುವ ಏರ್ಪಾಟಿಗೆ ಬಂದಿದೆ. ಅಮೆರಿಕನರು ಹೊಸದಾಗಿ ಆರಿಸಿಕೊಂಡಿರುವ ಅತಿನೇರಳೆ ಅನ್ವೇಷಕವು ಹೊರಡುವುದಕ್ಕೆ ಗೊತ್ತುಮಾಡಿರುವ ವರುಷ ೨೦೩೦. ಈ ನಡುವಿನ ಬಿಡುವಿನಲ್ಲಿ ಸಣ್ಣ ಯಂತ್ರಕ್ಕೂ ದೊಡ್ಡ ಬೆಲೆಯಿದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗಲ್ವಾನಿನ ನೆತ್ತರು ಆರುವ ಮುನ್ನ ಚೀನೀಯರ ನಿಲ್ದಾಣದಲ್ಲಿ ನಮ್ಮ ಉಪಕರಣವನ್ನು ಇಡುವುದು ಆತ್ಮಗೌರವಕ್ಕೆ ಕುಂದೆಂದು ಒಂದು ಪಕ್ಷದವರು ಹೇಳುತ್ತಾರೆ. ವಿಜ್ಞಾನಕ್ಕೆ ಗಡಿಯಿಲ್ಲ, ರಾಜಕಾರಣವನ್ನು ಅದರೊಳಕ್ಕೆ ತರಬಾರದೆಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ನಾವು ಎರಡನ್ನೂ ಇಡಿಯಾಗಿ ಒಪ್ಪಲಾರೆವು. ಮೊದಲ ಪಕ್ಷದವರು ನೆನಪಿಡತಕ್ಕದ್ದು ಇದು: ಆಯ್ಕೆಯಲ್ಲಿ ರಾಷ್ಟ್ರಸಂಘದ ಕೈಯೂ ಇತ್ತು, ನಮ್ಮ ಪಂಡಿತರು ಚೀನೀಯರ ಬಾಗಿಲಲ್ಲಿ ಬೇಡಲು ನಿಂತವರಲ್ಲ, ೧೭ ದೇಶಗಳ ಸಂಸ್ಥೆಗಳ ಜತೆಯಲ್ಲಿ ಯೋಗ್ಯತೆಯಿಂದ ಆರಿಸಲ್ಪಟ್ಟವರು. ಅದೂ ಗಲ್ವಾನಿಗೆ ಮುಂಚೆ. ೨೦೦೮ರಲ್ಲಿ ನಮ್ಮ ಚಂದ್ರಯಾನವು ಅಮೆರಿಕ, ಯೂರೋಪುಗಳವರ ಉಪಕರಣಗಳನ್ನು ಹೊತ್ತು ಚಂದ್ರನವರೆಗೆ ಹೋಗಲಿಲ್ಲವೇ? ಗಾಡಿಯವನ ಗೌರವಕ್ಕೂ ಅದರಿಂದ ಕುಂದಾಗಲಿಲ್ಲ, ಪ್ರಯಾಣಿಕನ ಗೌರವಕ್ಕೂ ಆಗಲಿಲ್ಲ. ಎರಡನೆಯ ಪಕ್ಷದವರಾದರೋ ಬೆಳಕಿಗೂ ಗಾಡಿಗೂ ಇರುವ ಭೇದವನ್ನು ಮರೆಯುತ್ತಾರೆ. ನಕ್ಷತ್ರದ ಬೆಳಕಿಗೆ ಬಾವುಟವಿಲ್ಲ ನಿಜ, ನಿಲ್ದಾಣಕ್ಕೆ ಇದೆ. ಉಪಕರಣ ಯಾವಾಗ ಹೊರಡಬೇಕು, ವಿದ್ಯುಚ್ಛಕ್ತಿ ಎಷ್ಟು, ಯಾವ ದಿಕ್ಕಿಗೆ ಎಷ್ಟು ಹೊತ್ತು ಮುಖಮಾಡಬೇಕು ಎಂಬುದೆಲ್ಲ ನಿಲ್ದಾಣದ ಒಡೆಯನ ಕೈಯಲ್ಲಿರುತ್ತದೆ. ಅಮೆರಿಕದ ಕಾಂಗ್ರೆಸ್ಸು ೨೦೧೧ರಲ್ಲಿ ತನ್ನ ಬಾಹ್ಯಾಕಾಶ ಸಂಸ್ಥೆಯು ಚೀನೀಯರೊಡನೆ ನೇರವಾದ ಸಹಕಾರ ಮಾಡಕೂಡದೆಂದು ನಿರ್ಬಂಧ ಹಾಕಿತು. ವಿಜ್ಞಾನಕ್ಕೆ ಗಡಿಯಿಲ್ಲವೆಂಬ ಮಾತನ್ನು ಹೆಚ್ಚಾಗಿ ಆಡುವವರೂ ಸಮಯ ಬಂದಾಗ ಗಡಿ ಎಳೆಯುವವರೇ.

ನಮ್ಮ ದೂರು ಇರುವುದು ಮುಖ್ಯವಾಗಿ ಅನಿಶ್ಚಯದ ಮೇಲೆ. ಬೇಡವೆನ್ನುವುದು ನೀತಿಯಾದರೆ ಬೇಡವೆಂದು ಹೇಳಿ, ಕೂಡಲೇ ಬೇರೆ ಗಾಡಿಯನ್ನು ತೋರಿಸಬೇಕು. ಹೋಗಲಿ ಎನ್ನುವುದಾದರೆ ಹೋಗಲಿ ಎಂದು ಸ್ಪಷ್ಟವಾಗಿ ಅಪ್ಪಣೆ ಕೊಡಬೇಕು. ಸರಕಾರವು ಬಾಯಿ ಬಿಡದೆ ಇದ್ದರೆ ಕೆಡುವುದು ಚೀನೀಯರ ಕೆಲಸವಲ್ಲ. ದರ್ಪಣವನ್ನೂ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುವ ಶೋಧಕವನ್ನೂ ಕೈಯಾರ ಕೂಡಿಸಿ, ಅದರಿಂದಲೇ ತಮ್ಮ ಡಾಕ್ಟರ್ ಪದವಿಯ ಪ್ರಬಂಧವನ್ನು ಬರೆಯಬೇಕೆಂದಿರುವ ತರುಣರ ವಯಸ್ಸು ಕಡತದ ಜತೆಯಲ್ಲಿ ಕಾಯುವುದಿಲ್ಲ.

ಬೇರೆ ಗಾಡಿ ಇಲ್ಲವೇ? ಇದೆ. ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತವನ್ನು ವ್ಯರ್ಥವಾಗಿ ಬಿಡದೆ ಪ್ರಯೋಗಗಳ ಜಗಲಿಯಾಗಿ ಉಪಯೋಗಿಸುವ ‘ಪೋಯಮ್’ ಎಂಬ ಏರ್ಪಾಟನ್ನು ಇಸ್ರೋ ೨೦೨೨ರಿಂದ ನಡೆಸಿಕೊಂಡು ಬಂದಿದೆ. ಅದರ ಆಯುಸ್ಸು ಅಲ್ಪ. ದೂರದರ್ಶಕಕ್ಕೆ ಬೇಕಾದ ಅಲುಗಾಡದ ನಿಲುವು ಅದರಲ್ಲಿ ದೊರೆತೀತೇ ಎಂಬುದನ್ನು ತಜ್ಞರೇ ಹೇಳಬೇಕು. ಇದಲ್ಲದೆ ನಮ್ಮದೇ ಆದ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಭಾಗಕ್ಕೆ ಕೇಂದ್ರ ಮಂತ್ರಿಮಂಡಲವು ೨೦೨೪ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು; ೨೦೨೮ಕ್ಕೆ ಅದನ್ನು ಹಾರಿಸಿ, ೨೦೩೫ಕ್ಕೆ ನಿಲ್ದಾಣವನ್ನು ಪೂರ್ಣಗೊಳಿಸುವ ಗುರಿಯನ್ನಿಟ್ಟುಕೊಂಡಿದ್ದಾರೆ. ಮನುಷ್ಯರು ತಂಗುವುದಕ್ಕೆ ಕೊಠಡಿಗಳನ್ನು ಎಣಿಸುವವರು ಹೊರಗೋಡೆಯ ಮೇಲೆ ಒಂದು ರೋಹಿತದರ್ಶಕಕ್ಕೆ ಎಡೆಯನ್ನು ಈಗಲೇ ಗುರುತಿಸಿಡಬಾರದೇಕೆ? ಕಟ್ಟಡ ಮುಗಿದ ಮೇಲೆ ಕಿಟಕಿ ಕೊರೆಯುವುದು ನಮ್ಮ ಮರಾಮತ್ತು ಇಲಾಖೆಯ ಹಳೆಯ ಚಾಳಿ; ಆಕಾಶದಲ್ಲಿ ಅದು ನಡೆಯದು.

ಶಕ್ತಿಯ ವಿಷಯದಲ್ಲಿ ಸಂದೇಹಪಡುವವರು ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹೊರಟ ಆಸ್ಟ್ರೋಸ್ಯಾಟನ್ನು ನೋಡಬೇಕು. ಸುಮಾರು ೧೭೮ ಕೋಟಿ ರೂಪಾಯಿ ವೆಚ್ಚದ ಆ ಉಪಗ್ರಹದಲ್ಲಿರುವ ಅತಿನೇರಳೆ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯ ಪ್ರಯೋಗಶಾಲೆಯಲ್ಲಿ. ಶೋಧಕಗಳಿಗೆ ಕೆನಡಾ ದೇಶದವರ ನೆರವಿತ್ತು. ಐದು ವರುಷಕ್ಕೆಂದು ಕಟ್ಟಿದ ಉಪಗ್ರಹ ೨೦೨೫ರ ಸೆಪ್ಟೆಂಬರಿಗೆ ಹತ್ತು ವರುಷಗಳನ್ನು ಪೂರೈಸಿತು. ಅದರ ಚಿತ್ರಗಳ ಸ್ಪಷ್ಟತೆಯನ್ನು ಪರದೇಶದ ಪಂಡಿತರೂ ಮೆಚ್ಚಿದ್ದಾರೆ. ಆದರೆ ಅದು ಮುಖ್ಯವಾಗಿ ಚಿತ್ರ ತೆಗೆಯುವ ಯಂತ್ರ. ರೋಹಿತವನ್ನು ಒರಟಾಗಿ ಮಾತ್ರ ಬಿಡಿಸಬಲ್ಲುದು. ಅದರ ಎರಡು ಅತಿನೇರಳೆ ಶಾಖೆಗಳಲ್ಲಿ ಸಮೀಪದ ಅತಿನೇರಳೆಯದು ೨೦೧೮ರಲ್ಲಿಯೇ ಕೆಟ್ಟುನಿಂತಿದೆ. ಇದಕ್ಕೆ ಉತ್ತರಾಧಿಕಾರಿಯಾಗಿ ಚಿತ್ರವನ್ನೂ ರೋಹಿತವನ್ನೂ ತೆಗೆಯಬಲ್ಲ, ಒಂದು ಮೀಟರ್ ದರ್ಜೆಯ ‘ಇನ್‌ಸಿಸ್ಟ್’ ಎಂಬ ದೂರದರ್ಶಕದ ಯೋಜನೆಯನ್ನು ಬೆಂಗಳೂರಿನ ಪಂಡಿತರೇ ಮುಂದಿಟ್ಟಿದ್ದಾರೆ. ಪೂರ್ವಸಿದ್ಧತೆಗೆ ಇಸ್ರೋ ಅಲ್ಪಸ್ವಲ್ಪ ಹಣವನ್ನೂ ಕೊಟ್ಟಿತು. ಇಂಥ ಯಂತ್ರವನ್ನು ಕಟ್ಟಲು ಎಷ್ಟು ವರುಷಗಳು ಹಿಡಿಯುವುವೆಂಬುದಕ್ಕೆ ಆಸ್ಟ್ರೋಸ್ಯಾಟಿನ ಕಥೆಯೇ ಸಾಕ್ಷಿ.

ಕೇಂದ್ರ ಸರಕಾರದ ಬಾಹ್ಯಾಕಾಶ ಇಲಾಖೆಯವರು ಈ ಮೂರು ವಿಷಯಗಳಲ್ಲಿ, ಎಂದರೆ ‘ಸಿಂಗ್’ ಯಾವ ಗಾಡಿಯಲ್ಲಿ ಹೋಗುವುದು, ನಮ್ಮ ನಿಲ್ದಾಣದ ಗೋಡೆಯಲ್ಲಿ ಖಗೋಳಜ್ಞರಿಗೆ ಎಷ್ಟು ಜಾಗ, ‘ಇನ್‌ಸಿಸ್ಟ್’ ಯಂತ್ರಕ್ಕೆ ಪೂರ್ಣ ಮಂಜೂರಾತಿ ಯಾವ ವರುಷ ಎಂಬುದರಲ್ಲಿ, ಪಾರ್ಲಿಮೆಂಟಿನ ಮುಂದೆ ತಾರೀಖು ಸಹಿತವಾದ ಉತ್ತರವನ್ನು ಇಡಬೇಕೆಂದು ಕೇಳುತ್ತೇವೆ. ನಮ್ಮ ಪ್ರಾಂತದಿಂದ ಆರಿಸಿ ಹೋಗಿರುವ ಸದಸ್ಯರು ಬರುವ ಅಧಿವೇಶನದಲ್ಲಿ ಈ ಪ್ರಶ್ನೆಯನ್ನೆತ್ತಲಿ. ಹೊಸಕೋಟೆ ಅವರ ಮನೆಯ ಅಂಗಳದಲ್ಲಿಯೇ ಇದೆ. ಎತ್ತುವ ಮುನ್ನ ಒಮ್ಮೆ ಹೋಗಿ ನೋಡಿಬರಲು ಅರ್ಧ ದಿನ ಸಾಕು.